ಡೆಂಗ್ಯೂ ಪಾಸಿಟಿವ್ ಬಂದರೂ ಅಡ್ಮಿಟ್ ಮಾಡಿಕೊಳ್ಳದೆ ಓಪಿಡಿಯಿಂದಲೇ ಮನೆಗೆ ಕಳಿಸಿದರು, ಇದು ಸರಿಯೇ?

ಊರೆಲ್ಲ ಡೆಂಗ್ಯೂ ಇರುವಾಗ, ಎನ್‌ಎಸ್‌1 (ಡೆಂಗ್ಯೂ ಪತ್ತೆಯ ರಕ್ತಪರೀಕ್ಷೆ) ಪಾಸಿಟಿವ್ ಬಂದ ನಿಮ್ಮ ತಮ್ಮನಿಗೆ ಬರೀ ಮಾತ್ರೆ ಬರೆದುಕೊಟ್ಟರು ಅಂತ ಗಾಬರಿಯಾಗಿದ್ದೀರಿ. ಮನೆಗೆ ಕಳಿಸಿದ್ದು ತಪ್ಪಲ್ಲ. ‘ನಾಳೆ ಮತ್ತೆ ಬನ್ನಿ’ ಅನ್ನದೆ ಕಳಿಸಿದ್ದರೆ ತಪ್ಪು.

ಡೆಂಗ್ಯೂ ಬಂದ ಹೆಚ್ಚಿನವರಿಗೆ ಬೆಡ್ ಬೇಕಾಗುವುದಿಲ್ಲ. ಬೇಕಾಗುವವರು ಯಾರು ಅಂತ ಮೊದಲ ದಿನವೇ ಗೊತ್ತಾಗುವುದೂ ಇಲ್ಲ. ಜ್ವರ ಶುರುವಾದ 3ರಿಂದ 7ನೇ ದಿನದೊಳಗೆ, ಸಾಮಾನ್ಯವಾಗಿ ಜ್ವರ ಇಳಿಯುವ ಹೊತ್ತಿಗೆ, ಕೆಲವರ ರಕ್ತನಾಳಗಳಿಂದ ನೀರಿನಂಶ ಸೋರತೊಡಗುತ್ತದೆ. ‘ಸದ್ಯ, ಜ್ವರ ಬಿಡ್ತು’ ಅಂತ ಮನೆಯವರು ಓಪಿಡಿಗೆ ಹೋಗುವುದನ್ನು ನಿಲ್ಲಿಸುವುದೂ ಅದೇ ದಿನ. ಅದಕ್ಕೇ ಓಪಿಡಿ ಚೀಟಿಯಲ್ಲಿ ನಾನು ಮೊದಲು ಹುಡುಕುವುದು ‘ಜ್ವರದ ಎಷ್ಟನೇ ದಿನ’ ಅನ್ನುವುದನ್ನು. ಬರೆದಿಲ್ಲದಿದ್ದರೆ ನೀವೇ ಬರೆಸಿ.

ಪ್ರತಿ ಭೇಟಿಯಲ್ಲೂ ಬಿಪಿ ನೋಡಿಸಿ, ಎರಡೂ ಅಂಕಿ ಗಮನಿಸಿ. ನಿನ್ನೆ 110/70 ಇದ್ದದ್ದು ಇವತ್ತು 100/82 ಆದರೆ ಮೇಲಿನ ಅಂಕಿ ನೋಡಿ ‘ನಾರ್ಮಲ್’ ಅಂದುಬಿಡುತ್ತಾರೆ. ಆದರೆ ನಡುವಿನ ಅಂತರ 18ಕ್ಕೆ ಇಳಿದಿದೆ. 20 ಅಥವಾ ಅದಕ್ಕಿಂತ ಕಡಿಮೆ ಅಂದರೆ ಶಾಕ್, ಅಂದರೆ ಅಂಗಾಂಗಗಳಿಗೆ ಸಾಕಷ್ಟು ರಕ್ತ ಹರಿಯದ ಸ್ಥಿತಿ, ಶುರುವಾಗಿರುವ ಸೂಚನೆ. ಉಗುರನ್ನು ಒತ್ತಿ ಬಿಟ್ಟಾಗ 2 ಸೆಕೆಂಡಿನೊಳಗೆ ಕೆಂಪು ಮರಳಬೇಕು. ರಕ್ತಪರೀಕ್ಷೆಯಲ್ಲಿ ಎಲ್ಲರೂ ಪ್ಲೇಟ್ಲೆಟ್ ಹಿಂದೆ ಬೀಳುತ್ತಾರೆ, ಪಕ್ಕದಲ್ಲೇ ಇರುವ ಪಿಸಿವಿ (ರಕ್ತದಲ್ಲಿ ಕೆಂಪುಕಣಗಳ ಶೇಕಡಾ ಪಾಲು) ಯಾರಿಗೂ ಕಾಣುವುದಿಲ್ಲ. 38 ಇದ್ದದ್ದು 46ಕ್ಕೆ ಏರಿದರೆ, ಅಂದರೆ ಶೇ. 20ರಷ್ಟು ಹೆಚ್ಚಿದರೆ, ರಕ್ತ ಗಟ್ಟಿಯಾಗುತ್ತಿದೆ, ನೀರು ಸೋರುತ್ತಿದೆ ಅಂತ ಅರ್ಥ. ರಕ್ತಸ್ರಾವ ಇಲ್ಲದಿದ್ದರೆ, ಪ್ಲೇಟ್ಲೆಟ್ 10,000ಕ್ಕಿಂತ ಮೇಲಿರುವವರೆಗೆ ಸಾಮಾನ್ಯವಾಗಿ ಹೊರಗಿನಿಂದ ಹಾಕಬೇಕಾಗುವುದಿಲ್ಲ.

ಬಿಡದ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ಒಸಡು ಅಥವಾ ಮೂಗಿನಲ್ಲಿ ರಕ್ತ, ಕಪ್ಪು ಮಲ, ವಿಪರೀತ ಮಂಕು ಅಥವಾ ಚಡಪಡಿಕೆ, ತಣ್ಣಗಾದ ಕೈಕಾಲು, 6 ಗಂಟೆ ಮೂತ್ರವಿಲ್ಲದಿರುವುದು: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೊರಡಿ. ಗರ್ಭಿಣಿಯರು, ಎಳೆಮಕ್ಕಳು, ವಯಸ್ಸಾದವರು, ಸಕ್ಕರೆ ಅಥವಾ ಕಿಡ್ನಿ ಕಾಯಿಲೆ ಇರುವವರು, ಒಂಟಿಯಾಗಿರುವವರು ಅಡ್ಮಿಟ್ ಆಗುವುದೇ ಕ್ಷೇಮ.

ಮನೆಯಲ್ಲಿ ಪ್ಯಾರಾಸಿಟಮಾಲ್ ಮಾತ್ರ ಕೊಡಿ. ಒಂದು ಸಲಕ್ಕೆ ಕಿಲೋ ತೂಕಕ್ಕೆ 10 ಮಿ.ಗ್ರಾಂ, 6 ಗಂಟೆ ಅಂತರ, ದಿನಕ್ಕೆ 4 ಸಲಕ್ಕಿಂತ ಹೆಚ್ಚು ಬೇಡ. ಮೈಕೈ ನೋವಿಗೆ ಅಂತ ಡೈಕ್ಲೋಫೆನಾಕ್ ಇಂಜೆಕ್ಷನ್ ಅಥವಾ ಐಬುಪ್ರೊಫೆನ್ ತೆಗೆದುಕೊಳ್ಳಲೇಬಾರದು, ಹೊಟ್ಟೆಯೊಳಗೆ ರಕ್ತಸ್ರಾವವಾಗುವ ಅಪಾಯವಿದೆ. ದೊಡ್ಡ ಓಆರ್‌ಎಸ್ ಪೊಟ್ಟಣವನ್ನು ಪೂರ್ತಿ 1 ಲೀಟರ್ ನೀರಿಗೆ ಹಾಕಿ, ಗುಟುಕು ಗುಟುಕಾಗಿ ಕುಡಿಸಿ. ಗಂಜಿ, ಎಳನೀರು, ಮಜ್ಜಿಗೆ ಎಲ್ಲ ಸೇರಿ ದೊಡ್ಡವರಿಗೆ ದಿನಕ್ಕೆ ಸುಮಾರು 2.5 ಲೀಟರ್ ಒಳಗೆ ಹೋಗಲಿ. ಬಾಯಲ್ಲಿ ಕುಡಿಯಲು ಆಗುತ್ತಿರುವವರಿಗೆ ಕ್ಲಿನಿಕ್‌ನಲ್ಲಿ ಗ್ಲೂಕೋಸ್ ಹಾಕಿಸಬೇಡಿ. ಅದು ರಕ್ತನಾಳದಲ್ಲಿ ನಿಲ್ಲುವುದಿಲ್ಲ, ಹೆಚ್ಚಾದರೆ ಶ್ವಾಸಕೋಶದ ಸುತ್ತ ತುಂಬಿಕೊಳ್ಳಬಹುದು.

ಇನ್ನೊಂದು ವಿಷಯ. 2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ಇಟ್ಟಿತು. ಓಪಿಡಿಯಿಂದ ಮನೆಗೆ ಬಂದ ರೋಗಿಯನ್ನು ಕಚ್ಚಿದ ಸೊಳ್ಳೆ ಮುಂದೆ ಅಕ್ಕಪಕ್ಕದವರಿಗೂ ರೋಗ ಅಂಟಿಸಬಲ್ಲದು. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಲ್ಲಿ. ನಿಮ್ಮ ತಮ್ಮ ಮಧ್ಯಾಹ್ನ ಮಲಗಿದಾಗಲೂ ಸೊಳ್ಳೆಪರದೆ ಕಟ್ಟಿ.