ಕೋಟಿ ಸಂಬಳದವರಿಗೆ ಯೂನಿಯನ್ ಯಾಕೆ?

ಓದುಗರ ಪತ್ರ:

"ಸಂಪಾದಕರಿಗೆ ನಮಸ್ಕಾರ. ಹೋದ ಸಂಚಿಕೆಯಲ್ಲಿ ಅಮೆರಿಕದ ಫುಟ್‌ಬಾಲ್ ಬಗ್ಗೆ ಬಂದ ಲೇಖನ ಓದಿದೆ. ಮಗ ಡಾಲಸ್‌ನಲ್ಲಿದ್ದಾನೆ. ಅಲ್ಲಿಗೆ ಹೋದಾಗ ಮೊಮ್ಮಗನ ಜೊತೆ ಕೂತು ಟಿವಿಯಲ್ಲಿ ಆ ಆಟ ನೋಡಿದ್ದೇನೆ. '2011ರಲ್ಲಿ ಆಟಗಾರರು ಮುಷ್ಕರ ಹೂಡಿದಾಗ' ಅಂತ ನೀವು ಬರೆದಿದ್ದೀರಿ. ಒಬ್ಬೊಬ್ಬರಿಗೆ ಕೋಟಿ ಕೋಟಿ ಸಂಬಳ. ಇವರಿಗೆ ಯೂನಿಯನ್ ಯಾಕೆ, ಮುಷ್ಕರ ಯಾಕೆ? ನಾನು ದಾವಣಗೆರೆಯ ಕಾಟನ್ ಮಿಲ್ಲಿನಲ್ಲಿ 22 ವರ್ಷ ದುಡಿದವನು. ಲಾಕೌಟ್ ಆದಾಗ ಮಂಡಕ್ಕಿ ಭಟ್ಟಿಯಲ್ಲಿ ಕೂಲಿ ಮಾಡಿ ಮನೆ ನಡೆಸಿದೆ. ಇವರ ಜಗಳವನ್ನು ತಂದು ನಮ್ಮ ಜಗಳದ ಪಕ್ಕ ಇಡಬೇಡಿ."

ಸಂಪಾದಕರ ಉತ್ತರ:

ಹಿರಿಯರೆ, ನಮಸ್ಕಾರ.

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ನಿಮ್ಮ ಪತ್ರದಲ್ಲಿ 'ಲಾಕೌಟ್' ಅನ್ನೋ ಮಾತು ಕಂಡ ಮೇಲೆ ನಮ್ಮ ಲೇಖನವನ್ನು ಮತ್ತೆ ತೆಗೆದು ನೋಡಿದೆ. 2011ರಲ್ಲಿ ಅಲ್ಲಿಯ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ಆದದ್ದು ಮುಷ್ಕರವೇ ಅಲ್ಲ. ಆಟಗಾರರು ಆಡಲು ತಯಾರಿದ್ದರು. ಬೀಗ ಹಾಕಿದವರು ಮಾಲೀಕರು. ಲಾಕೌಟ್ ಉಂಡ ಮನುಷ್ಯನಿಗೆ ಲಾಕೌಟನ್ನು ಮುಷ್ಕರ ಅಂತ ಬರೆದು ಓದಿಸಿದ್ದೇವೆ. ನಾಚಿಕೆಯಾಯಿತು. ಲೇಖನವನ್ನು ಅಚ್ಚಿಗೆ ಹೋಗುವ ಮುಂಚೆ ನೋಡಿದವನು ನಾನೇ, ಹಾಗಾಗಿ ಬೈಗುಳ ನನಗೇ ಸೇರಬೇಕು.

ಇನ್ನು ನಿಮ್ಮ ಪ್ರಶ್ನೆ. ಕೋಟಿ ಸಂಬಳ ತಗೊಳ್ಳುವವರಿಗೆ ಯೂನಿಯನ್ ಯಾಕೆ? ಈ ಜಗಳದ ಕಥೆಯನ್ನು ಮೊದಲಿಂದ ನೋಡಿದರೆ ನನಗೆ ಕಾಣುವುದು ಒಂದೇ. ಸಂಬಳ ಎಷ್ಟು ಅನ್ನುವುದು ಆಮೇಲಿನ ಮಾತು. ಯಾರು ಎಷ್ಟು ದಿನ ಕಾಯಬಲ್ಲರು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಭಟ್ಟಿಯ ಮುಂದೆ ನಿಂತು ಮಂಡಕ್ಕಿ ಹುರಿದಾದರೂ ನೀವು ಕಾದಿರಿ. ಮಿಲ್ಲು ತೆರೆದಾಗ ನಿಮ್ಮ ಕೈಗಳಿಗೆ ಆ ಕೆಲಸ ಇನ್ನೂ ಬರುತ್ತಿತ್ತು. ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳುವ ಈ ಆಟಗಾರನ ಕಥೆ ಬೇರೆ. ಅವನ ವೃತ್ತಿಜೀವನ ಸರಾಸರಿ 3.3 ವರ್ಷ ಅಂತ ಅವರ ಯೂನಿಯನ್ ಹೇಳುತ್ತದೆ. ಲೀಗ್‌ನವರು ಈ ಲೆಕ್ಕ ಒಪ್ಪುವುದಿಲ್ಲ, ಸೀಸನ್ ಶುರುವಿಗೆ ತಂಡದಲ್ಲಿ ಜಾಗ ಹಿಡಿದವರನ್ನು ಮಾತ್ರ ಎಣಿಸಿದರೆ ಸುಮಾರು 6 ವರ್ಷ ಅಂತಾರೆ. ಆರೇ ಅಂದುಕೊಳ್ಳಿ. ಅದರಲ್ಲಿ ಒಂದು ಸೀಸನ್ ಜಗಳಕ್ಕೆ ಹೋದರೆ ಏನು ಉಳಿಯಿತು? ಮೊಣಕಾಲು ಯಾವ ರಾಜಿಗೂ ಕಾಯುವುದಿಲ್ಲ. ತಂಡದ ಮಾಲೀಕ ಅದೇ ತಂಡವನ್ನು 30-40 ವರ್ಷ ಇಟ್ಟುಕೊಳ್ಳುತ್ತಾನೆ, ಆಮೇಲೆ ಮಕ್ಕಳ ಹೆಸರಿಗೆ ಬರೆಯುತ್ತಾನೆ.

ಈ ಯೂನಿಯನ್ ಶುರುವಾಗಿದ್ದು 1956ರಲ್ಲಿ. ಆಗ ಕೇಳಿದ್ದೇನು ನೋಡಿ. ವರ್ಷಕ್ಕೆ ಕನಿಷ್ಠ 5,000 ಡಾಲರ್ ಸಂಬಳ, ಆಟದ ಸಾಮಾನಿನ ಖರ್ಚು ತಂಡದ್ದು, ಗಾಯವಾದರೂ ಸಂಬಳ ನಿಲ್ಲಬಾರದು. ನಿಮ್ಮ ಮಿಲ್ಲಿನ ಬೇಡಿಕೆ ಪಟ್ಟಿಯಲ್ಲೂ ಇಂಥವೇ ಇದ್ದಿರಬೇಕು, ಅಲ್ವಾ?

1974ರಲ್ಲಿ ಮುಷ್ಕರ ಮಾಡಿದರು, ಸೋತರು. 1982ರಲ್ಲಿ 57 ದಿನ ಆಟ ನಿಂತಿತು. ಒಟ್ಟು ಆದಾಯದಲ್ಲಿ 55% ಪಾಲು ನಮಗೆ ಕೊಡಿ ಅಂತ ಕೇಳಿದ್ದರು. ಪಾಲು ಸಿಗಲಿಲ್ಲ, ಒಂದಿಷ್ಟು ಹಣ ಸಿಕ್ಕಿತು. ಸೀಸನ್ 9 ಪಂದ್ಯಕ್ಕೆ ಇಳಿಯಿತು.

ನಾನು ನಿಮಗೆ ನಿಧಾನವಾಗಿ ಹೇಳಬೇಕು ಅಂದುಕೊಂಡಿರುವುದು 1987ರ ಕಥೆ. ಆಗ ಆಟಗಾರರ ಮುಖ್ಯ ಬೇಡಿಕೆ, ಕರಾರು ಮುಗಿದ ಮೇಲೆ ಬೇಕಾದ ತಂಡಕ್ಕೆ ಹೋಗುವ ಹಕ್ಕು. ಕರಾರು ಮುಗಿದರೂ ಹಳೆಯ ತಂಡದ ಹಿಡಿತ ಬಿಡುತ್ತಿರಲಿಲ್ಲ. ಎರಡು ವಾರ ಆಡಿ ಹೊರಗೆ ನಡೆದರು. ಮೂರನೇ ವಾರದ ಪಂದ್ಯಗಳು ರದ್ದಾದವು. ನಾಲ್ಕನೇ ವಾರಕ್ಕೆ ಮಾಲೀಕರು ಬದ್ಲಿಗಳನ್ನು ಇಳಿಸಿದರು.

ಬದ್ಲಿ ಅನ್ನೋ ಮಾತು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಬೆಳಿಗ್ಗೆ ಪಾಳಿಯ ಹೊತ್ತಿಗೆ ಗೇಟಿನ ಹತ್ತಿರ ನಿಂತು, ಇವತ್ತು ಯಾರು ಬಂದಿಲ್ಲ ಅಂತ ನೋಡುವವರು. ಅಮೆರಿಕದಲ್ಲೂ ಹಾಗೇ. ಕಾಲೇಜಿನಲ್ಲಿ ಆಡಿ ಮುಂದೆ ಅವಕಾಶ ಸಿಗದೆ ಉಳಿದವರು, ತಂಡದಿಂದ ಹೊರಬಿದ್ದು ಬೇರೆ ಕೆಲಸ ಮಾಡಿಕೊಂಡಿದ್ದವರು ಬಂದು ಸಮವಸ್ತ್ರ ತೊಟ್ಟರು. ಟಿವಿಯವರು ತೋರಿಸಿದರು. ಫಲಿತಾಂಶ ಅಂಕಪಟ್ಟಿಗೆ ಸೇರಿತು. ಫಿಲಡೆಲ್ಫಿಯಾದಲ್ಲಿ ಲಾರಿ ಚಾಲಕರ ಯೂನಿಯನ್‌ನವರು ಆಟಗಾರರ ಪರವಾಗಿ ಬಂದು ಕ್ರೀಡಾಂಗಣದ ಮುಂದೆ ನಿಂತರು. ಅವತ್ತು ಒಳಗೆ ಹೋಗಿ ಪಂದ್ಯ ನೋಡಿದವರು 4,074 ಜನ. ಕ್ರೀಡಾಂಗಣ 60 ಸಾವಿರಕ್ಕೂ ಜಾಸ್ತಿ ಜನ ಹಿಡಿಸುವಂಥದ್ದು.

ಆದರೆ ಎಲ್ಲ ಊರೂ ಫಿಲಡೆಲ್ಫಿಯಾ ಅಲ್ಲ. ಆಟಗಾರರಿಗೆ ಸಂಬಳ ಬರುತ್ತಿದ್ದುದು ಪಂದ್ಯದ ವಾರಗಳಲ್ಲಿ, ಒಂದು ಪಂದ್ಯಕ್ಕೆ ಒಂದು ಚೆಕ್ಕು. ಒಂದು ವಾರ ಹೊರಗಿದ್ದರೆ ಒಂದು ಚೆಕ್ಕು ಹೋಯಿತು. ನೂರಕ್ಕೆ ಸುಮಾರು 15 ಮಂದಿ ಮುಷ್ಕರದ ಸಾಲು ದಾಟಿ ಆಡಲು ಒಳಗೆ ಹೋದರು. ಅವರಲ್ಲಿ ಜೋ ಮೊಂಟಾನಾ, ಲಾರೆನ್ಸ್ ಟೇಲರ್‌ರಂಥ ದೊಡ್ಡ ಹೆಸರುಗಳೂ ಇದ್ದವು. ನಿಮ್ಮ ಮಗನ ಊರಿನ ತಂಡದ ಟೋನಿ ಡಾರ್ಸೆಟ್, ರ‍್ಯಾಂಡಿ ವೈಟ್ ಕೂಡ ಹೋದರು. ಹೆಚ್ಚು ಸಂಬಳ ಇದ್ದವನ ಕಾಲೂ ನಡುಗಿದ್ದು ವಿಚಿತ್ರ ಅನಿಸುತ್ತದೆ. ಲೆಕ್ಕ ಹಾಕಿದರೆ ವಿಚಿತ್ರ ಏನಿಲ್ಲ, ಅವನ ಒಂದು ಚೆಕ್ಕು ದೊಡ್ಡದು.

ಡಾಲಸ್ ತಂಡದ ಆಡಳಿತ ನೋಡುತ್ತಿದ್ದ ಟೆಕ್ಸ್ ಶ್ರಾಮ್ ಮಾತುಕತೆಯ ಮೇಜಿನಲ್ಲಿ ಯೂನಿಯನ್ ಮುಖ್ಯಸ್ಥ ಜೀನ್ ಅಪ್‌ಶಾಗೆ ಹೇಳಿದರು ಅಂತ ಒಂದು ಮಾತು ಇಂದಿಗೂ ಓಡಾಡುತ್ತದೆ. ನೀವು ದನಗಳು, ನಾವು ದನ ಸಾಕುವವರು, ದನ ಎಷ್ಟು ಬೇಕಾದರೂ ಸಿಗುತ್ತವೆ ಅಂತ. ಅಪ್‌ಶಾ ಸ್ವತಃ 15 ಸೀಸನ್ ಆಡಿದ್ದ ಆಜಾನುಬಾಹು.

ಅಕ್ಟೋಬರ್ 15, ಗುರುವಾರ, ಯೂನಿಯನ್ ಕೈಚೆಲ್ಲಿತು. ಆಟಗಾರರು ಕೆಲಸಕ್ಕೆ ಬರುತ್ತೇವೆ ಅಂದರು. ಮಾಲೀಕರು ಏನಂದರು ಗೊತ್ತಾ? ಗಡುವು ಬುಧವಾರ ಇತ್ತು, ನೀವು ಗುರುವಾರ ಬಂದಿದ್ದೀರಿ, ಈ ವಾರಾಂತ್ಯದ ಪಂದ್ಯ ಬದ್ಲಿಗಳದ್ದೇ, ನಿಮಗೆ ಸಂಬಳ ಇಲ್ಲ. ಹತ್ತು ನಿಮಿಷ ತಡವಾಗಿದ್ದಕ್ಕೆ ಗೇಟು ಹಾಕಿಸಿಕೊಂಡವರಿಗೆ ಈ ದನಿಯ ಪರಿಚಯ ಇರುತ್ತದೆ. ಒಟ್ಟು ನಾಲ್ಕು ಚೆಕ್ಕು ಹೋಯಿತು. ಅಂದರೆ ವರ್ಷದ ಸಂಬಳದಲ್ಲಿ ಹತ್ತಿರ ಹತ್ತಿರ ಕಾಲು ಭಾಗ.

ಆ ಸೋಮವಾರ ರಾತ್ರಿ ಡಾಲಸ್‌ನಲ್ಲಿ ವಾಷಿಂಗ್ಟನ್ ತಂಡದ ಜೊತೆ ಪಂದ್ಯ. ಡಾಲಸ್ ಕಡೆ ಸಾಲು ದಾಟಿ ಬಂದ ತಾರೆಯರು. ವಾಷಿಂಗ್ಟನ್‌ನಲ್ಲಿ ಒಬ್ಬ ಖಾಯಂ ಆಟಗಾರನೂ ಸಾಲು ದಾಟಿರಲಿಲ್ಲ, ಎಲ್ಲ ಬದ್ಲಿಗಳೇ. ಬದ್ಲಿಗಳು 13-7ರಲ್ಲಿ ಗೆದ್ದರು. ಮಾರನೇ ದಿನದಿಂದ ಅವರ ಕೆಲಸ ಮುಗಿಯಿತು. ಖಾಯಂ ಆಟಗಾರರು ವಾಪಸ್ ಬಂದರು, ಆ ಸೀಸನ್ನಿನ ಫೈನಲ್ ಪಂದ್ಯವಾದ ಸೂಪರ್ ಬೌಲನ್ನೇ ವಾಷಿಂಗ್ಟನ್ ಗೆದ್ದಿತು. ಗೆದ್ದ ತಂಡದವರಿಗೆ ಉಂಗುರ ಮಾಡಿಸಿಕೊಡುವುದು ಅಲ್ಲಿಯ ರೂಢಿ. ಆ ಬದ್ಲಿಗಳಿಗೆ ಉಂಗುರ ಸಿಕ್ಕಿದ್ದು 2018ರಲ್ಲಿ, 30 ವರ್ಷ ಕಳೆದ ಮೇಲೆ. ನನ್ನ ಮನಸ್ಸು ಯಾಕೋ ಅವರ ಕಡೆಗೂ ಹೋಗುತ್ತದೆ. ಮಿಲ್ಲಿನ ಬದ್ಲಿಯನ್ನು ಖಾಯಂ ಕಾರ್ಮಿಕ ಎಷ್ಟೇ ಬೈದರೂ, ಅವನ ಮನೆಯಲ್ಲೂ ಒಲೆ ಉರಿಯಬೇಕಲ್ಲ.

ಬೀದಿಯಲ್ಲಿ ಸೋತವರು ಗೆದ್ದಿದ್ದು ಕೋರ್ಟಿನಲ್ಲಿ. ಇಲ್ಲೊಂದು ತಮಾಷೆ ಇದೆ. ಅಮೆರಿಕದಲ್ಲಿ ಕಂಪನಿಗಳು ಒಟ್ಟಾಗಿ ಸಂಬಳಕ್ಕೆ ಮಿತಿ ಹಾಕಿದರೆ ಅದು ಕಾನೂನಿಗೆ ವಿರುದ್ಧ. ಆದರೆ ಯೂನಿಯನ್ ಇದ್ದು, ಅದರ ಜೊತೆ ಮಾತುಕತೆಯ ಸಂಬಂಧ ಇದ್ದರೆ ಮಾಲೀಕರಿಗೆ ಆ ಕಾನೂನಿನಿಂದ ರಕ್ಷಣೆ ಸಿಗುತ್ತದೆ. ಅಂದರೆ ಆಟಗಾರರ ಯೂನಿಯನ್ನೇ ಮಾಲೀಕರಿಗೆ ಕೊಡೆ ಹಿಡಿದಂತಾಯಿತು! 1989ರಲ್ಲಿ ಅಪ್‌ಶಾ ಮತ್ತು ವಕೀಲರು ಯೂನಿಯನ್ನೇ ಬರ್ಖಾಸ್ತು ಮಾಡಿದರು. ನಾವಿನ್ನು ಯೂನಿಯನ್ ಅಲ್ಲ, ಸುಮ್ನೆ ಒಂದು ಸಂಘ ಅಂತ ಬರೆದುಕೊಟ್ಟರು. ಯೂನಿಯನ್ ಕಟ್ಟಲು ಜೀವ ತೇಯ್ದವರಿಗೆ ಇದು ಹೇಗೆ ಕೇಳಿಸುತ್ತದೋ. 1992ರಲ್ಲಿ ಮಿನಿಯಾಪೊಲಿಸ್‌ನ ಕೋರ್ಟಿನಲ್ಲಿ ಫ್ರೀಮನ್ ಮೆಕ್‌ನೀಲ್ ಅನ್ನುವ ಆಟಗಾರನ ಕೇಸಿನಲ್ಲಿ ಜ್ಯೂರಿ ಮಾಲೀಕರ ವಿರುದ್ಧ ತೀರ್ಪು ಕೊಟ್ಟಿತು. 1993ರಲ್ಲಿ ರಾಜಿಯಾಯಿತು, ಯೂನಿಯನ್ ಮತ್ತೆ ಯೂನಿಯನ್ ಆಯಿತು. ತಂಡ ಬದಲಿಸುವ ಹಕ್ಕು ಬಂತು. ಬದಲಿಗೆ ಪ್ರತಿ ತಂಡವೂ ಸಂಬಳಕ್ಕೆ ಖರ್ಚು ಮಾಡುವ ಹಣಕ್ಕೆ ಮಿತಿ ಬಂತು. 1994ರಲ್ಲಿ ಆ ಮಿತಿ 3.46 ಕೋಟಿ ಡಾಲರ್, 2025ರಲ್ಲಿ 27.92 ಕೋಟಿ. ಕೋರ್ಟಿನಲ್ಲಿ ಕೇಸು ವರ್ಷಗಟ್ಟಲೆ ನಡೆಯುತ್ತಿದ್ದಾಗ ಆಟಗಾರರು ಆಡುತ್ತಲೇ ಇದ್ದರು, ಚೆಕ್ಕು ಬರುತ್ತಲೇ ಇತ್ತು. ಅವರಿಗೂ ಕಾಯುವ ಒಂದು ಜಾಗ ಸಿಕ್ಕಿತ್ತು.

ಅದಕ್ಕೇ ಮಾಲೀಕರು 2011ಕ್ಕೆ ಮೊದಲೇ ಪಾಠ ಕಲಿತು ಬಂದರು. ಆಗ ವರ್ಷದ ಆದಾಯ ಸುಮಾರು 900 ಕೋಟಿ ಡಾಲರ್. ಅದರಲ್ಲಿ ಹಂಚುವ ಮೊದಲೇ ಮಾಲೀಕರು 100 ಕೋಟಿಗೂ ಜಾಸ್ತಿ ತೆಗೆದಿಟ್ಟುಕೊಳ್ಳುತ್ತಿದ್ದರು. ಇನ್ನೂ ಹತ್ತಿರ ಹತ್ತಿರ ಅಷ್ಟೇ ಬೇಕು, ಪಂದ್ಯಗಳೂ 16ರಿಂದ 18 ಆಗಬೇಕು ಅಂದರು. ಖರ್ಚು ಏರಿದೆ ಅಂತ ಕಾರಣ. ಹಾಗಾದರೆ 10 ವರ್ಷದ ಲೆಕ್ಕದ ಪುಸ್ತಕ ತೋರಿಸಿ ಅಂದಿತು ಯೂನಿಯನ್. ತೋರಿಸಲಿಲ್ಲ. 32 ತಂಡಗಳಲ್ಲಿ ಲೆಕ್ಕ ಬಹಿರಂಗ ಮಾಡುವುದು ಗ್ರೀನ್ ಬೇ ಒಂದೇ, ಯಾಕೆಂದರೆ ಅದಕ್ಕೆ ಒಬ್ಬ ಮಾಲೀಕ ಇಲ್ಲ, ಸಾಮಾನ್ಯ ಅಭಿಮಾನಿಗಳೇ ಷೇರುದಾರರು. ಸುಮಾರು ಒಂದು ಲಕ್ಷ ಜನರ ಆ ಸಣ್ಣ ಊರಿನ ಲೆಕ್ಕಪತ್ರ ಹಿಡಿದುಕೊಂಡೇ ಉಳಿದ 31 ತಂಡಗಳ ಲಾಭವನ್ನು ಊಹಿಸಬೇಕು.

ಆಮೇಲೆ ಬಂತು ಟಿವಿ ಒಪ್ಪಂದದ ವಿಷಯ. 2011ರಲ್ಲಿ ಒಂದೂ ಪಂದ್ಯ ನಡೆಯದಿದ್ದರೂ ಟಿವಿ ಕಂಪನಿಗಳು 400 ಕೋಟಿ ಡಾಲರ್ ಕೊಡಬೇಕು ಅಂತ ಮಾಲೀಕರು ಮೊದಲೇ ಬರೆಸಿಕೊಂಡಿದ್ದರು. ಮಿಲ್ಲಿಗೆ ಬೀಗ ಹಾಕುವ ಮೊದಲೇ, ನೇಯದ ಬಟ್ಟೆಗೆ ದುಡ್ಡು ಗೊತ್ತು ಮಾಡಿಕೊಂಡ ಹಾಗೆ. ನ್ಯಾಯಾಧೀಶ ಡೇವಿಡ್ ಡೋಟಿ ಇದು ತಪ್ಪು ಅಂತ ಮಾರ್ಚ್ 1ರಂದು ಹೇಳಿದರು. ಮಾರ್ಚ್ 12ಕ್ಕೆ ಲಾಕೌಟ್ ಶುರುವಾಯಿತು. ಯೂನಿಯನ್ ಮತ್ತೆ ಬರ್ಖಾಸ್ತಾಯಿತು, ತಾರಾ ಆಟಗಾರ ಟಾಮ್ ಬ್ರೇಡಿ ಹೆಸರಿನಲ್ಲಿ ಕೇಸು ಬಿತ್ತು. ಏಪ್ರಿಲ್ 25ಕ್ಕೆ ಕೆಳಗಿನ ಕೋರ್ಟು ಲಾಕೌಟ್ ತೆಗೆಯಿರಿ ಅಂದಿತು. ಮಾರನೇ ಬೆಳಿಗ್ಗೆ ಕೆಲವರು ತಮ್ಮ ತಂಡದ ಕಟ್ಟಡಕ್ಕೆ ಹೋದರು. ವ್ಯಾಯಾಮದ ಕೋಣೆಗೆ ಬಿಡಲಿಲ್ಲ, ವಾಪಸ್ ಕಳಿಸಿದರು. ಮೇಲಿನ ಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು.

ರಾಜಿ ಆದದ್ದು ಜುಲೈ 25ಕ್ಕೆ. ಅವತ್ತಿನ ಒಂದು ಚಿತ್ರ ನನ್ನ ಕಣ್ಣಿನಲ್ಲಿ ಉಳಿದಿದೆ. ನ್ಯೂ ಇಂಗ್ಲೆಂಡ್ ತಂಡದ ಮಾಲೀಕ ರಾಬರ್ಟ್ ಕ್ರಾಫ್ಟ್ ಅವರ ಹೆಂಡತಿ ಕ್ಯಾನ್ಸರ್‌ನಿಂದ ತೀರಿಕೊಂಡು ಐದೇ ದಿನ ಆಗಿತ್ತು. ಆಕೆ ಹಾಸಿಗೆ ಹಿಡಿದಿದ್ದಾಗಲೂ ಕ್ರಾಫ್ಟ್ ಮಾತುಕತೆಗೆ ಬಂದು ಹೋಗುತ್ತಿದ್ದರು. ಆಟಗಾರರ ಪರ ಕೂತಿದ್ದ ಜೆಫ್ ಸ್ಯಾಟರ್ಡೇ ಮೈಕಿನ ಮುಂದೆ ನಿಂತು, ಇವರಿಲ್ಲದಿದ್ದರೆ ಈ ರಾಜಿ ಆಗುತ್ತಿರಲಿಲ್ಲ ಅಂತ ಹೇಳಿ, ಆ ಮುದುಕನನ್ನು ತಬ್ಬಿಕೊಂಡ. ಬೆಟ್ಟದಂಥ ದೇಹದೊಳಗೆ ಕ್ರಾಫ್ಟ್ ಮುಖ ಹುದುಗಿಹೋಗಿತ್ತು.

ಕಣ್ಣು ಒದ್ದೆಯಾಗುತ್ತದೆ, ನಿಜ. ಕಣ್ಣು ಒರೆಸಿಕೊಂಡು ಕರಾರು ಓದಬೇಕು. ಮುಂದಿನ 10 ವರ್ಷಕ್ಕೆ ಆಟಗಾರರ ಪಾಲು 47-48% ಆಯಿತು. ಹಿಂದೆ ಹೆಚ್ಚುಕಡಿಮೆ ಅರ್ಧ ಇತ್ತು. 18 ಪಂದ್ಯ ತಪ್ಪಿತು, ಮೈಗೆ ಮೈ ತಾಗಿಸುವ ಅಭ್ಯಾಸದ ದಿನಗಳು ಕಡಿಮೆಯಾದವು. ಇದು ಒಳ್ಳೆಯದೇ, ಏಟು ತಿನ್ನುವುದು ತಲೆ ತಾನೆ. ದೊಡ್ಡ ಕತ್ತರಿ ಬಿದ್ದದ್ದು ಹೊಸಬರಿಗೆ. ಪ್ರತಿ ವರ್ಷ ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುತ್ತವೆ. 2010ರಲ್ಲಿ ಹಾಗೆ ಮೊದಲ ಆಯ್ಕೆಯಾದ ಸ್ಯಾಮ್ ಬ್ರಾಡ್‌ಫೋರ್ಡ್‌ಗೆ 6 ವರ್ಷಕ್ಕೆ 7.8 ಕೋಟಿ ಡಾಲರ್ ಕರಾರು. 2011ರಲ್ಲಿ ಮೊದಲ ಆಯ್ಕೆಯಾದ ಕ್ಯಾಮ್ ನ್ಯೂಟನ್‌ಗೆ 4 ವರ್ಷಕ್ಕೆ 2.2 ಕೋಟಿ. ಇನ್ನೂ ಕೆಲಸಕ್ಕೇ ಸೇರದವನಿಗೆ ಯೂನಿಯನ್ನಿನಲ್ಲಿ ಓಟು ಎಲ್ಲಿಂದ ಬರಬೇಕು?

2020ರಲ್ಲಿ ಮತ್ತೆ ಹೊಸ ಕರಾರು. 17ನೇ ಪಂದ್ಯ ಬಂತು. ಆರನ್ ರಾಡ್ಜರ್ಸ್‌ರಂಥ ದೊಡ್ಡವರು ಬೇಡ ಅಂದರು. ಕನಿಷ್ಠ ಸಂಬಳದವನಿಗೆ ಆ ವರ್ಷವೇ 5.1 ಲಕ್ಷದ ಬದಲು 6.1 ಲಕ್ಷ ಡಾಲರ್ ಸಿಗುತ್ತಿತ್ತು. ಎರಡು-ಮೂರು ವರ್ಷ ಆಡಿ ಮನೆಗೆ ಹೋಗುವವನು ಅವನೇ. ಓಟಿನ ಎಣಿಕೆ 1,019ಕ್ಕೆ 959. ಅರವತ್ತು ಓಟಿನ ಅಂತರ. ಕೋಟಿಯವರು ಕಾಯೋಣ ಅಂದರು, ಲಕ್ಷದವರಿಗೆ ಕಾಯಲು ಪುರಸೊತ್ತಿರಲಿಲ್ಲ. ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಇರುವ ಉತ್ತರ ಈ ಎಣಿಕೆಯಲ್ಲೇ ಇದೆ. 'ಒಬ್ಬೊಬ್ಬರಿಗೆ ಕೋಟಿ ಕೋಟಿ' ಅಂದಿರಿ. ಆ ಒಬ್ಬೊಬ್ಬರು ನಿಮ್ಮ ಮೊಮ್ಮಗ ಗೋಡೆಗೆ ಅಂಟಿಸಿಕೊಳ್ಳುವ ಹತ್ತಾರು ಮುಖಗಳು. ಯೂನಿಯನ್ನಿನ ಬಹುಪಾಲು ಜನ ಹೆಸರು ಗೊತ್ತಾಗುವ ಮುಂಚೆ ಆಟ ಬಿಟ್ಟಿರುತ್ತಾರೆ.

ಅವರ ಲಕ್ಷ ಡಾಲರ್ ಕೂಡ ನಮಗೆ ದೊಡ್ಡದು. ಅದರಲ್ಲಿ ನಿಮ್ಮ ಜೊತೆ ನನ್ನ ವಾದ ಇಲ್ಲ. ಆದರೆ ಈ ಮಾತು ಅಲ್ಲಿಯದು ಮಾತ್ರ ಅಂದುಕೊಳ್ಳಬೇಡಿ. 2025ರ ಆಗಸ್ಟ್‌ನಲ್ಲಿ ನಮ್ಮ ಕಾಲ್ಚೆಂಡಿನ ತಂಡ ಬೆಂಗಳೂರು ಎಫ್‌ಸಿ, ದೇಶದ ಕಾಲ್ಚೆಂಡು ಲೀಗ್ ಐಎಸ್‌ಎಲ್‌ನ ಸೀಸನ್ ನಡೆಯುತ್ತೋ ಇಲ್ಲವೋ ಗೊತ್ತಿಲ್ಲ ಅನ್ನುವ ಕಾರಣಕ್ಕೆ, ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯಿತು. ಅಲ್ಲಿ ಬೀಗವೂ ಇಲ್ಲ, ಮುಷ್ಕರವೂ ಇಲ್ಲ. ಲೀಗ್ ನಡೆಸುವವರು ಮತ್ತು ಫುಟ್‌ಬಾಲ್ ಫೆಡರೇಷನ್ ನಡುವಿನ ಒಪ್ಪಂದ ಮುಂದುವರಿಯಲಿಲ್ಲ, ಹೊಡೆತ ಆಟಗಾರನ ಮನೆಗೆ.

ಕೊನೆಯದಾಗಿ ಎರಡು ವಿಷಯ. ಮುಂದಿನ ಸಂಚಿಕೆಯ ಎರಡನೇ ಪುಟದಲ್ಲಿ 2011ರ ಬಗ್ಗೆ ತಿದ್ದುಪಡಿ ಹಾಕುತ್ತಿದ್ದೇವೆ. ಇನ್ನೊಂದು, ನಿಮ್ಮ ಮಿಲ್ಲಿನ ಲಾಕೌಟ್ ಎಷ್ಟು ದಿನ ನಡೆಯಿತು ಅಂತ ನೀವು ಬರೆದಿಲ್ಲ. ಭಟ್ಟಿಯಲ್ಲಿ ದಿನಕ್ಕೆ ಎಷ್ಟು ಕೂಲಿ ಸಿಗುತ್ತಿತ್ತು, ಬದ್ಲಿಗಳು ಒಳಗೆ ಹೋದರಾ, ಗೇಟು ತೆರೆದ ದಿನ ಮೊದಲು ಒಳಗೆ ಹೋದವರು ಯಾರು, ಇದನ್ನೆಲ್ಲ ಬರೆದು ಕಳಿಸಿ. ಕೈಬರಹ ಸಾಕು, ಟೈಪ್ ನಾವು ಮಾಡಿಕೊಳ್ಳುತ್ತೇವೆ. ಮೂರು ಪುಟ ಖಾಲಿ ಇಟ್ಟಿದ್ದೇನೆ.

ಇಂತಿ,
ಸಂಪಾದಕ