ಅಪ್ಪನಿಗೆ ಶುಗರ್ ಇದೆ, ಹೊಟ್ಟೆಯಲ್ಲಿರುವ ಮಗುವಿಗೂ ಬರುತ್ತದಾ?

ಪ್ರಶ್ನೆ: ನನಗೆ 28 ವರ್ಷ, ಈಗ ಐದು ತಿಂಗಳ ಬಸುರಿ. ಅಪ್ಪನಿಗೂ ಅತ್ತೆಗೂ ಶುಗರ್ ಇದೆ. ನಾನು ಹುಟ್ಟಿದಾಗ ಎರಡೇ ಕೆಜಿ ಇದ್ದೆನಂತೆ. "ಎರಡು ಜೀವ, ಚೆನ್ನಾಗಿ ತಿನ್ನು, ಮಗು ದಪ್ಪಗೆ ಹುಟ್ಟಲಿ" ಎನ್ನುತ್ತಾರೆ ಮನೆಯಲ್ಲಿ. ಶುಗರ್ ವಂಶದಲ್ಲೇ ಇದ್ದರೆ ನಾನು ಏನು ಮಾಡಿದರೂ ಅಷ್ಟೇ ಅಲ್ವಾ ಡಾಕ್ಟ್ರೇ?
– ಓದುಗರು, ಹಾಸನ

ಉತ್ತರ: ಖಂಡಿತ ಅಷ್ಟೇ ಅಲ್ಲ. ವಂಶದ ಪಾಲು ಇದೆ, ನಿಜ. ಟೈಪ್ 2 ಸಕ್ಕರೆ ಕಾಯಿಲೆಗೆ ಸಂಬಂಧಪಟ್ಟ ನೂರಾರು ಜೀನ್ ವ್ಯತ್ಯಾಸಗಳು ಸಿಕ್ಕಿವೆ. ಆದರೆ ಒಂದೊಂದರ ಪ್ರಭಾವವೂ ಚಿಕ್ಕದು.

ಅಮೆರಿಕದ ಆರಿಜೋನಾದಲ್ಲಿ ಪಿಮಾ ಎಂಬ ಮೂಲನಿವಾಸಿಗಳಿದ್ದಾರೆ. ಅವರಲ್ಲಿ ಶುಗರ್ ತುಂಬಾ ಜಾಸ್ತಿ. ಅಲ್ಲಿ ಒಂದೇ ಅಪ್ಪ ಅಮ್ಮನ ಮಕ್ಕಳನ್ನು ಹೋಲಿಸಿ ನೋಡಿದರು. ತಾಯಿಗೆ ಶುಗರ್ ಬರುವ ಮೊದಲು ಹುಟ್ಟಿದವರಿಗಿಂತ, ಬಂದ ಮೇಲೆ ಹುಟ್ಟಿದ ತಮ್ಮ ತಂಗಿಯರಿಗೆ ಈ ಕಾಯಿಲೆ ಬಹಳ ಹೆಚ್ಚು ಬಂದಿತ್ತು. ತಂದೆಗೆ ಶುಗರ್ ಬಂದ ಮನೆಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ವಂಶ ಅದೇ, ಬೇರೆಯಾದದ್ದು ಹೊಟ್ಟೆಯೊಳಗಿನ ಒಂಬತ್ತು ತಿಂಗಳು.

ಹೀಗಾಗುವುದು ಏಕೆ? ತಾಯಿಯ ರಕ್ತದ ಸಕ್ಕರೆ ಮಾಸಿನ ಮೂಲಕ ಮಗುವಿಗೆ ಹೋಗುತ್ತದೆ. ಅವಳ ಇನ್ಸುಲಿನ್ ಹೋಗುವುದಿಲ್ಲ. ಆಗ ಮಗುವೇ ಹೆಚ್ಚು ಇನ್ಸುಲಿನ್ ತಯಾರಿಸಬೇಕು. ಹೆಚ್ಚಾದ ಸಕ್ಕರೆ ಕೊಬ್ಬಾಗಿ ಕೂರುತ್ತದೆ. ತಾಯಿಗೆ ಪೋಷಣೆ ಸಾಲದಿದ್ದರೂ ಕಷ್ಟವೇ. ಮಗುವಿನ ದೇಹ ಮೊದಲು ಮೆದುಳನ್ನು ಉಳಿಸಿಕೊಳ್ಳುತ್ತದೆ, ಮಾಂಸಖಂಡಕ್ಕೂ ಇನ್ಸುಲಿನ್ ಮಾಡುವ ಮೇದೋಜೀರಕಕ್ಕೂ ಪಾಲು ಕಡಿಮೆ ಬೀಳುತ್ತದೆ. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್‌ನಲ್ಲಿ ಕಡಿಮೆ ತೂಕಕ್ಕೆ ಹುಟ್ಟಿದ ಗಂಡಸರಲ್ಲಿ, ಅರವತ್ತು ದಾಟಿದ ಮೇಲೆ ಶುಗರ್ ಹೆಚ್ಚು ಕಂಡದ್ದನ್ನು ಡೇವಿಡ್ ಬಾರ್ಕರ್ ತಂಡ 1991ರಲ್ಲಿ ತೋರಿಸಿತು.

ಹಾಗಾದರೆ ಮಗು ದಪ್ಪಗೆ ಹುಟ್ಟಿದರೆ ಸಾಕಾ? ಇದಕ್ಕೆ ನಮ್ಮ ಮೈಸೂರೇ ಉತ್ತರ ಕೊಟ್ಟಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದಲೇ ಪ್ರತಿ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿತ್ತು. ಆ ದಾಖಲೆ ಬರೆದ ನರ್ಸ್‌ಗಳನ್ನು ನಾನು ಮನಸಾರೆ ನೆನೆಯುತ್ತೇನೆ. 1990ರ ದಶಕದಲ್ಲಿ ಹಾಗೆ ಹುಟ್ಟಿದ 506 ಜನರನ್ನು ಪರೀಕ್ಷಿಸಿದರು. ಶುಗರ್ ಹೆಚ್ಚಾಗಿದ್ದದ್ದು ಉದ್ದ ಕಡಿಮೆಯಿದ್ದು ಗುಂಡಗೆ ಹುಟ್ಟಿದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ. ಆ ತಾಯಂದಿರಿಗೆ ಬಸುರಿನಲ್ಲಿ ಶುಗರ್ ಏರಿದ್ದು, ಅದು ಗೊತ್ತಾಗದೇ ಹೋಗಿರಬಹುದು. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಇನ್ನೊಂದು ತೋರಿಸಿದರು. ಅಲ್ಲಿನ ಹಳ್ಳಿಯ ಕೂಸುಗಳ ಸರಾಸರಿ ತೂಕ 2.7 ಕೆಜಿ, ಇಂಗ್ಲೆಂಡಿನವುಗಳದ್ದು 3.5 ಕೆಜಿ. ಆದರೂ ಬೆನ್ನಿನ ಕೊಬ್ಬು ಹೆಚ್ಚುಕಡಿಮೆ ಅಷ್ಟೇ ಇತ್ತು. ಕಡಿಮೆ ಇದ್ದದ್ದು ಮಾಂಸಖಂಡ.

ಆದ್ದರಿಂದ ಇಬ್ಬರ ಅನ್ನ ಉಣ್ಣಬೇಡಿ. ಅನ್ನ ಸ್ವಲ್ಪ ತಗ್ಗಿಸಿ, ಬೇಳೆ, ಮೊಳಕೆ ಕಾಳು, ಸೊಪ್ಪು, ಮೊಸರು ಜಾಸ್ತಿ ಮಾಡಿ. ತಿನ್ನುವವರಾದರೆ ಮೊಟ್ಟೆ, ಮೀನು. ಸಸ್ಯಾಹಾರಿಯಾಗಿದ್ದರೆ ಬಿ12 ಬಗ್ಗೆ ಡಾಕ್ಟರನ್ನು ಕೇಳಿ, ನಮ್ಮಲ್ಲಿ ಅದರ ಕೊರತೆ ತುಂಬಾ ಇದೆ. ಮುಖ್ಯವಾಗಿ 24ರಿಂದ 28ನೇ ವಾರದೊಳಗೆ ಶುಗರ್ ಪರೀಕ್ಷೆ ತಪ್ಪಿಸಬೇಡಿ. ಮೊದಲ ಭೇಟಿಯಲ್ಲಿ ಸರಿ ಬಂದಿದ್ದರೂ ಮತ್ತೆ ಮಾಡಿಸಿ. 75 ಗ್ರಾಂ ಗ್ಲೂಕೋಸ್ ನೀರು ಕುಡಿದು ಎರಡು ಗಂಟೆ ಬಿಟ್ಟು ನೋಡುತ್ತಾರೆ. 140 ಅಥವಾ ಮೇಲೆ ಬಂದರೆ ಗಾಬರಿ ಬೇಡ. ಬಹಳ ಜನರಿಗೆ ಊಟದ ಬದಲಾವಣೆ ಮತ್ತು ನಡಿಗೆಯಲ್ಲೇ ಹಿಡಿತಕ್ಕೆ ಬರುತ್ತದೆ.

ಇನ್ನೊಂದು ಮಾತು. ನೀವು ಎರಡು ಕೆಜಿ ಹುಟ್ಟಿದ್ದು ನಿಮ್ಮ ಅಮ್ಮನ ತಪ್ಪಲ್ಲ. ಅವರ ತಟ್ಟೆಗೆ ಆಗ ಎಷ್ಟು ಬೀಳುತ್ತಿತ್ತೋ! ಹೆರಿಗೆಯ ನಂತರ ವರ್ಷಕ್ಕೊಮ್ಮೆ ನಿಮ್ಮ ಶುಗರನ್ನೂ ನೋಡಿಸಿಕೊಳ್ಳುತ್ತಿರಿ.

ಪ್ರಶ್ನೆ: ಮಗ ಹುಟ್ಟಿದಾಗ 2.2 ಕೆಜಿ. ಈಗ ಮೂರು ವರ್ಷ, ಬಡಕಲು. ಹಾಲಿಗೆ ಹಾಕುವ ಪುಡಿ, ಬಿಸ್ಕತ್ತು ಕೊಟ್ಟು ತೂಕ ಏರಿಸಲಾ?
– ಓದುಗರು, ರಾಯಚೂರು

ಉತ್ತರ: ಬೇಡ. ದೆಹಲಿಯಲ್ಲಿ ಹುಟ್ಟಿನಿಂದ ಸುಮಾರು ಮೂವತ್ತು ವರ್ಷದವರೆಗೆ ಒಂದಷ್ಟು ಮಕ್ಕಳನ್ನು ಗಮನಿಸುತ್ತಾ ಬಂದರು. ದೊಡ್ಡವರಾದ ಮೇಲೆ ಶುಗರ್ ಏರುಪೇರಾದವರು ಚಿಕ್ಕಂದಿನಲ್ಲಿ ದಪ್ಪ ಇದ್ದವರಲ್ಲ. ಎರಡು ವರ್ಷದವರೆಗೆ ಸಣ್ಣಗಿದ್ದು, ಆಮೇಲೆ ಬೇಗ ಬೇಗ ಮೈ ತುಂಬಿಕೊಂಡವರು. ಬ್ರಿಟನ್ನಿನಲ್ಲಿ 1953ರವರೆಗೆ ಸಕ್ಕರೆಗೆ ರೇಷನ್ ಇತ್ತು. ಹೊಟ್ಟೆಯಲ್ಲಿದ್ದಾಗಿನಿಂದ ಮೊದಲ ಸಾವಿರ ದಿನ ಆ ರೇಷನ್ನಿನಲ್ಲಿ ಬೆಳೆದವರಿಗೆ ಮುಂದೆ ಸಕ್ಕರೆ ಕಾಯಿಲೆ ಸುಮಾರು 35% ಕಡಿಮೆ ಎಂದು 2024ರಲ್ಲಿ ಲೆಕ್ಕ ಸಿಕ್ಕಿತು. ಆ ಪುಡಿಗಳಲ್ಲಿ ಹೆಚ್ಚಿನವುಗಳಲ್ಲಿ ಸಕ್ಕರೆ ಬಹಳ, ಡಬ್ಬದ ಹಿಂದೆ ಓದಿ ನೋಡಿ. ಅದರ ಬದಲು ರಾಗಿ, ಬೇಳೆ, ಶೇಂಗಾ, ಮೊಟ್ಟೆ ಕೊಡಿ, ಓಡಾಡಿ ಆಡಲು ಬಿಡಿ. ಅಂಗನವಾಡಿಯಲ್ಲಿ ತೂಕದ ಜೊತೆ ಎತ್ತರವನ್ನೂ ಅಳೆಸಿ. ಎರಡೂ ಜೊತೆಯಾಗಿ ಏರುತ್ತಿದ್ದರೆ ಬಡಕಲು ಎನ್ನುವವರ ಮಾತಿಗೆ ತಲೆ ಕೆಡಿಸಿಕೊಳ್ಳಬೇಡಿ. ಎತ್ತರ ನಿಂತುಹೋಗಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ.