ಎದೆಯಲ್ಲಿ ಪೇಸ್‌ಮೇಕರ್, ಬೆನ್ನಲ್ಲಿ ಹೊಸ ನೋವು

61 ವರ್ಷದ ನಿವೃತ್ತ ಶಿಕ್ಷಕಿ. 13 ವರ್ಷದ ಹಿಂದೆ ಎಡ ಸ್ತನದ ಕ್ಯಾನ್ಸರ್‌ಗೆ ಆಪರೇಷನ್, ಆಮೇಲೆ 5 ವರ್ಷ ಹಾರ್ಮೋನ್ ತಡೆಯುವ ಟ್ಯಾಮಾಕ್ಸಿಫೆನ್ ಮಾತ್ರೆ. 3 ವರ್ಷದ ಹಿಂದೆ ಬಲ ಹೆಗಲ ಕೆಳಗೆ ಪೇಸ್‌ಮೇಕರ್. ಈಗ ಎರಡು ತಿಂಗಳಿಂದ ಬೆನ್ನುನೋವು, ಮಲಗಿದರೆ ಇನ್ನೂ ಜಾಸ್ತಿ. ಪೇಸ್‌ಮೇಕರ್ ಇದೆಯೆಂದು ಸ್ಕ್ಯಾನ್ ಸೆಂಟರ್‌ನವರು ಎಂಆರ್‌ಐ ಮಾಡದೆ ಕಳಿಸಿದ್ದರು.

“ಇಷ್ಟು ವರ್ಷ ಆದ್ಮೇಲೂ ಬರುತ್ತಾ ಮೇಡಂ? ಈ ಮಷೀನಿಂದಲೇ ಬಂತಾ?”

ಮಷೀನಿಂದ ಅಲ್ಲ, ಅದು ಖಂಡಿತ. ಆದರೆ ಹಾರ್ಮೋನ್ ರಿಸೆಪ್ಟರ್ ಪಾಸಿಟಿವ್, ಅಂದರೆ ಜೀವಕೋಶದಲ್ಲಿ ಹಾರ್ಮೋನ್ ಹಿಡಿಯುವ ರಿಸೆಪ್ಟರ್ ಇರುವ ಸ್ತನ ಕ್ಯಾನ್ಸರ್ 15, 20 ವರ್ಷದ ಮೇಲೂ ಮರುಕಳಿಸುವುದುಂಟು. ಐದು ವರ್ಷ ದಾಟಿದರೆ ಗೆದ್ದಂತೆ ಎಂಬ ಮಾತು ಇದಕ್ಕೆ ಸಲ್ಲದು. ಹಾಗೆಂದು ಮೂಳೆ ಸವೆದು ಕುಸಿದರೂ ಇಂಥದ್ದೇ ನೋವು ಬರುತ್ತದೆ. ಊಹಿಸುತ್ತ ಕೂರದೆ ಪರೀಕ್ಷೆ ಮಾಡಿಸಲೇಬೇಕು.

ಪರ್ಸಿನಲ್ಲಿ ಬಸ್ ಪಾಸಿನ ಹಿಂದೆ ಪೇಸ್‌ಮೇಕರ್ ಕಾರ್ಡ್ ಇತ್ತು. ಡಬ್ಬಿಯ ಮಾಡೆಲ್ ನಂಬರ್ ಬರೆದಿದ್ದರು, ಲೀಡ್‌ಗಳ (ಡಬ್ಬಿಯಿಂದ ಹೃದಯಕ್ಕೆ ಹೋಗುವ ತಂತಿಗಳ) ಸಾಲು ಖಾಲಿ. ಕೆಲಸ ಕೆಡುವುದು ಇಲ್ಲೇ. ಎಂಆರ್‌ಐಗೆ ಡಬ್ಬಿ, ಲೀಡ್ ಎರಡೂ ಸೇರಿ ಹೊಂದಬೇಕು; ಬಳಸದೆ ಒಳಗೇ ಬಿಟ್ಟ ಹಳೆ ಲೀಡ್ ಇದ್ದರೆ ಅದರ ತುದಿ ಬಿಸಿಯಾಗುವ ಅಪಾಯವಿದೆ. ಹಾಗಾಗಿ ಪೇಸ್‌ಮೇಕರ್ ಹಾಕಿದ ಆಸ್ಪತ್ರೆಯಿಂದ ಆಪರೇಷನ್ ನೋಟ್ಸ್ ತನ್ನಿ, ಎದೆಯ ಎಕ್ಸ್‌ರೇ ತೆಗೆಸಿ, ಹೃದ್ರೋಗ ವಿಭಾಗವೂ ಇರುವ ಕಡೆ ಎಂಆರ್‌ಐಗೆ ದಿನ ಗೊತ್ತುಮಾಡಿ ಎಂದೆವು. ಸ್ಕ್ಯಾನ್‌ಗೆ ಮುನ್ನ ಪೇಸ್‌ಮೇಕರ್‌ನ ಮೋಡ್ ಬದಲಿಸುತ್ತಾರೆ, ಸ್ಕ್ಯಾನ್ ಉದ್ದಕ್ಕೂ ಇಸಿಜಿ ನೋಡುತ್ತಿರುತ್ತಾರೆ. ಮುಗಿದ ಮೇಲೆ “ಹಳೇ ಸೆಟ್ಟಿಂಗ್‌ಗೆ ತಂದಿರಾ?” ಎಂದು ಜೊತೆಗಿರುವ ಮಗಳು ಕೇಳಿಯೇ ಹೊರಡಬೇಕು. ಎಂಆರ್‌ಐ ಆಗದಿದ್ದರೂ ಸಿಟಿ, ಬೋನ್ ಸ್ಕ್ಯಾನ್, ಪೆಟ್ ಸ್ಕ್ಯಾನ್‌ಗೆ ಪೇಸ್‌ಮೇಕರ್ ಅಡ್ಡಿಯಲ್ಲ.

ಗಡ್ಡೆ ಕಂಡರೆ ಬಯಾಪ್ಸಿ ಬೇಕು, ಏಕೆಂದರೆ ರಿಸೆಪ್ಟರ್ ಮೊದಲಿನಂತೆಯೇ ಇರುತ್ತದೆಂದಿಲ್ಲ. ರೇಡಿಯೇಷನ್ ಕೊಡುವುದಾದರೆ ಪೇಸ್‌ಮೇಕರ್ ಇರುವುದನ್ನು ಪ್ಲಾನಿಂಗ್‌ಗೆ ಮೊದಲೇ ಹೇಳಬೇಕು. ಅದಕ್ಕೆ ತಗಲುವ ಡೋಸ್ ಲೆಕ್ಕಹಾಕಿ, ಸಾಮಾನ್ಯವಾಗಿ 2 ಗ್ರೇ (ಕಿರಣದ ಡೋಸ್ ಅಳೆಯುವ ಮಾನ) ಒಳಗಿಡಲು ನೋಡುತ್ತಾರೆ. 10 ಎಂವಿಗಿಂತ (ಮೆಗಾವೋಲ್ಟ್, ಕಿರಣದ ಶಕ್ತಿಯ ಅಳತೆ) ಹೆಚ್ಚಿನ ಕಿರಣವನ್ನು ಆದಷ್ಟು ದೂರವಿಡುತ್ತಾರೆ, ಅದರಿಂದ ಹೊಮ್ಮುವ ನ್ಯೂಟ್ರಾನ್ ಪೇಸ್‌ಮೇಕರ್‌ನ ಸರ್ಕ್ಯೂಟ್ ಕೆಡಿಸಬಹುದು.

ಒಂದನ್ನಂತೂ ಬರೆದೇ ಕೊಟ್ಟೆವು: ಕಾಲಿನಲ್ಲಿ ಶಕ್ತಿ ಕುಂದಿದರೆ, ಜೋಮು ಹತ್ತಿದರೆ, ಮೂತ್ರ ಕಟ್ಟಿದರೆ ಕಾರ್ಡು, ನೋಟ್ಸು ಎನ್ನುತ್ತ ಕಾಯಬೇಡಿ, ಆ ಗಳಿಗೆಯಲ್ಲೇ ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಬೆನ್ನುಹುರಿ ಒತ್ತಿದಾಗ ಗಂಟೆಗಳೂ ಲೆಕ್ಕಕ್ಕೆ ಬರುತ್ತವೆ.

ದೂರದೂರಿನ ಮಗನಿಗೆ ರಿಪೋರ್ಟ್ ಬಂದ ಮೇಲೆ ಹೇಳೋಣ ಎಂದಿದ್ದರು ಅಮ್ಮ. ಓಡಾಟ, ಸಹಿ, ರಾತ್ರಿಯ ಆರೈಕೆ ಎಲ್ಲ ಮಗಳೊಬ್ಬಳ ತಲೆಮೇಲೇ ಬೀಳುತ್ತದೆ, ಈಗಲೇ ತಿಳಿಸಿ ಎಂದೆವು. ನಮ್ಮ ಕೋಣೆಯಿಂದಲೇ ಫೋನ್ ಮಾಡಿದರು.